ಸಾರಿನ ಪಾತ್ರೆಯಿಂದ ಹೊರಟ ತೋಟ: ಬಿದರೆಹಳ್ಳ ಕಾವಲ್ ಸುತ್ತಲ ತಾಯಂದಿರಿಗೊಂದು ಬಹಿರಂಗ ಪತ್ರ

ಬಿದರೆಹಳ್ಳ ಕಾವಲ್ ಮತ್ತು ಸುತ್ತಲ ಊರುಗಳ ಸ್ತ್ರೀಶಕ್ತಿ ಸಂಘದ ಅಕ್ಕತಂಗಿಯರಿಗೆ, ಬಿಸಿಯೂಟದ ಅಡುಗೆ ತಾಯಂದಿರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಮತ್ತು ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೂತಿರುವ ಎಲ್ಲ ತಂದೆತಾಯಿಯರಿಗೆ,



ನಿಮ್ಮಲ್ಲಿ ಒಂದು ಕೆಲಸ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಈ ಮುಂಗಾರಿಗೆ ನಿಮ್ಮೂರ ಶಾಲೆಯ ಅಡುಗೆಮನೆಯ ಪಕ್ಕದಲ್ಲಿ, ಅಂಗನವಾಡಿಯ ಹಿಂದೆ, ಒಂದೊಂದು ಗುಂಟೆ ಜಾಗದಲ್ಲಿ ಸೊಪ್ಪು ತರಕಾರಿ ಹಾಕಿ. ಹಿತ್ತಲಿಲ್ಲದ ಮನೆಗಳಿಗಾಗಿ ಊರಿನ ಸಾಮೂಹಿಕ ಜಾಗದಲ್ಲಿ ಎಲ್ಲರದೂ ಆದ ಇನ್ನೊಂದು ತೋಟ ಮಾಡಿ. ಈ ತೋಟಗಳ ಲೆಕ್ಕವನ್ನು ನೆಲದಿಂದ ಶುರುಮಾಡಬೇಡಿ, ಸಾರಿನ ಪಾತ್ರೆಯಿಂದ ಶುರುಮಾಡಿ. ಇಷ್ಟು ವರ್ಷ ಶಾಲಾ ಕೈತೋಟದ ಹೆಸರಿನಲ್ಲಿ ನಡೆದ ಬಹುಪಾಲು ಕೆಲಸ ಜಾಗ ಅಳೆಯುವುದರಲ್ಲಿ ಹುಟ್ಟಿ ಫೋಟೊ ತೆಗೆಯುವುದರಲ್ಲಿ ಮುಗಿಯಿತು. ಇವತ್ತಿನ ಸಾರಿಗೆ ಏನು ಹಾಕುತ್ತೀರಿ, ಅದರಲ್ಲಿ ಏನು ಸಾಲದು, ಅದನ್ನು ಯಾರು ಕೊಯ್ಯುತ್ತಾರೆ, ಯಾರು ಬಿಡಿಸುತ್ತಾರೆ ಎಂಬ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಆ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ನಿಮಗೆ. ಅದಕ್ಕೇ ಈ ಪತ್ರ ಅಧಿಕಾರಿಗಳಿಗಲ್ಲ, ನಿಮಗೆ.

ಗುಬ್ಬಿ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಮಕ್ಕಳ ತಟ್ಟೆ ನೋಡುತ್ತಲೇ ವಯಸ್ಸು ಕಳೆದವಳು. ನಮ್ಮ ಸೀಮೆಯ ಊಟದ ಬುಡ ಗಟ್ಟಿಯಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಮುದ್ದೆ ತಿನ್ನುವವರನ್ನು ಕೀಳಾಗಿ ನೋಡುತ್ತಿದ್ದ ಕಾಲ ಹೋಗಿ 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಮುದ್ದೆ ಉಳಿಯಿತು, ಒಳ್ಳೆಯದಾಯಿತು. ಆದರೆ ಮುದ್ದೆಯ ಜೊತೆ ತಟ್ಟೆಯಲ್ಲಿ ಇರುತ್ತಿದ್ದದ್ದು ಕರಗುತ್ತಾ ಬಂತು.

ನಿಮ್ಮ ಅತ್ತೆಯವರು, ಅಜ್ಜಿಯವರು ರಾಗಿ ಹೊಲವನ್ನು ಬರೀ ರಾಗಿಗೆ ಬಿಟ್ಟವರಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ನಾಲ್ಕು ಜೋಳದ ಕಡ್ಡಿ ಇರುತ್ತಿದ್ದವು. ಕಳೆ ಕೀಳಲು ಹೋದವರು ಮಡಿಲು ತುಂಬ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಹೊನಗೊನ್ನೆ ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ಬಸಳೆ. ಬೇಲಿಗೆ ಹಬ್ಬಿದ ಸೋರೆ, ಹೀರೆ, ಚಪ್ಪರದವರೆ. ಅದನ್ನು ಯಾರೂ ಪೌಷ್ಟಿಕ ತೋಟ ಎಂದು ಕರೆಯಲಿಲ್ಲ. ಕಾಸು ಕೊಟ್ಟು ಕೊಳ್ಳುವ ತರಕಾರಿ ಎಂದರೆ ಸಂತೆಯ ದಿನದ ಈರುಳ್ಳಿ, ಆಲೂಗೆಡ್ಡೆ ಮಾತ್ರ.

ಹೇಮಾವತಿ ನಾಲೆ ಬಂತು, ಕೊಳವೆಬಾವಿ ಬಂತು, ರಾಗಿ ಹೊಲ ಅಡಿಕೆ ತೋಟವಾಯಿತು. ಅಡಿಕೆಯನ್ನು ನಾನು ದೂರುವುದಿಲ್ಲ. ಎಷ್ಟೋ ಮನೆಯ ಹೆಣ್ಣುಮಕ್ಕಳ ಓದು, ಮದುವೆ, ಆಸ್ಪತ್ರೆ ಖರ್ಚು ಎಲ್ಲಾ ಅದರಿಂದಲೇ ನಡೆದಿದೆ. ಆದರೆ ಅಡಿಕೆಯ ಬುಡದಲ್ಲಿ ಕಳೆನಾಶಕ ಹೊಡೆಯುವ ತೋಟದಲ್ಲಿ ಗೋಣಿ ಸೊಪ್ಪು ಹುಟ್ಟುವುದಿಲ್ಲ, ಹುಟ್ಟಿದರೂ ಅದನ್ನು ಮಕ್ಕಳಿಗೆ ಹಾಕಬಾರದು. ಹೊಲದ ಜೊತೆ ಬಿಟ್ಟಿಯಾಗಿ ಬರುತ್ತಿದ್ದ ಸೊಪ್ಪು ಹೀಗೆ ಸದ್ದಿಲ್ಲದೆ ನಿಂತುಹೋಯಿತು. ಈಗ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಿಂದ ಗುಬ್ಬಿಗೆ, ಗುಬ್ಬಿಯಿಂದ ನಿಟ್ಟೂರಿಗೆ, ಅಲ್ಲಿಂದ ನಿಮ್ಮೂರ ಅಂಗಡಿಗೆ ತರಕಾರಿ ಬರುತ್ತದೆ. ಅಷ್ಟು ದೂರ ಬಾಡದೆ ಬರುವುದು ಆಲೂಗೆಡ್ಡೆ, ಕೋಸು, ಬೀಟ್‌ರೂಟು. ಸೊಪ್ಪು ಬರುವಷ್ಟರಲ್ಲಿ ಸೋತಿರುತ್ತದೆ.

ಇದರ ಗುರುತು ಮಕ್ಕಳ ಮೈಮೇಲೆ ಇದೆ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಕಂಡಿತು. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ 47.8ರಷ್ಟು ಮಂದಿಗೆ. ಅದಕ್ಕೂ ಹಿಂದಿನ ಸಮೀಕ್ಷೆಗಿಂತ ಎರಡೂ ಲೆಕ್ಕ ಹೆಚ್ಚಿವೆ. ಇನ್ನೊಂದು ಕಡೆ ದೇಶದಲ್ಲಿ ಹತ್ತು ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ರಕ್ತ ಸಾಲದ ತಾಯಿ, ಸಕ್ಕರೆ ಏರಿದ ಅತ್ತೆ, ಅಂಗಡಿಯ ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟಿಗೆ ಹಠ ಹಿಡಿದ ಮಗು ಈಗ ಒಂದೇ ಮನೆಯಲ್ಲಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಂತೆ ದೊಡ್ಡವರೊಬ್ಬರು ದಿನಕ್ಕೆ 400 ಗ್ರಾಂ ತರಕಾರಿ, ಅದರಲ್ಲಿ 100 ಗ್ರಾಂ ಸೊಪ್ಪು, ಜೊತೆಗೆ 100 ಗ್ರಾಂ ಹಣ್ಣು ತಿನ್ನಬೇಕು. ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಎಣಿಸಿ, ಅಂಗಡಿಯ ಬೆಲೆಯಿಂದ ಗುಣಿಸಿ ನೋಡಿ. ಕೂಲಿಯಿಂದ ಬದುಕುವ ಮನೆಗೆ ಅದು ಕೈಗೆಟುಕದ ಮೊತ್ತ. ಸೊಪ್ಪು ತಿನ್ನಿ, ತರಕಾರಿ ತಿನ್ನಿ ಎಂದು ಉಪದೇಶ ಮಾಡುವವರು ಮೊದಲು ಮಾಡಬೇಕಾದ ಲೆಕ್ಕ ಇದು.

ನಿಮ್ಮ ಕಾವಲ್‌ನ ವಿಷಯಕ್ಕೆ ಬರುತ್ತೇನೆ. ಕಾವಲ್ ಎಂದರೆ ದನ ಮೇಯಲು ಬಿಟ್ಟ ನೆಲ; ಮೈಸೂರು ಅರಸರ ಕಾಲದಿಂದ ನಮ್ಮ ಬಯಲುಸೀಮೆಯಲ್ಲಿ ಅಂಥ ನೆಲ ಎಷ್ಟೋ ಇದ್ದವು. ದನ ಮೇಯಿಸಲು ಕಾವಲಿಗೆ ಹೋದ ಮಕ್ಕಳು ಕಾರೆ ಹಣ್ಣು, ಬಿಕ್ಕೆ ಹಣ್ಣು, ಎಲಚಿ, ನೇರಳೆ, ಸೀತಾಫಲ ತಿಂದು ಬರುತ್ತಿದ್ದರು. ಇವತ್ತು ಬಿದರೆಹಳ್ಳ ಕಾವಲ್ ಎಂದರೆ ದೇಶಕ್ಕೆಲ್ಲ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಅದು 615 ಎಕರೆಯಲ್ಲಿ ನಿಂತಿದೆ. ನಮ್ಮ ತಾಲ್ಲೂಕಿಗೆ ಅದು ಹೆಮ್ಮೆ, ಹುಡುಗರಿಗೆ ಕೆಲಸದ ಆಸೆ. ಆದರೆ ಕಾರ್ಖಾನೆ ಬಂದ ಕಡೆ ನೆಲದ ಬೆಲೆ ಏರುತ್ತದೆ, ಹೊಲ ಸೈಟಾಗುತ್ತದೆ, ಮೂವತ್ತು ನಲವತ್ತರ ಸೈಟಿನಲ್ಲಿ ಗೋಡೆಯಿಂದ ಗೋಡೆಗೆ ಮನೆ ಏಳುತ್ತದೆ. ಹಿತ್ತಲು ಎಂಬ ಜಾಗವೇ ನಕ್ಷೆಯಿಂದ ಬಿಟ್ಟುಹೋಗುತ್ತದೆ. ಅಡಿಕೆ ತೋಟ ಇದ್ದವರಿಗೆ ಅಂಚಿನಲ್ಲಾದರೂ ನಾಲ್ಕು ಬದನೆ ಗಿಡ ನೆಡಲು ಅವಕಾಶವಿದೆ. ಕಾಲೋನಿಯಲ್ಲಿ, ಆಶ್ರಯ ಮನೆಗಳಲ್ಲಿ ಇರುವವರಿಗೆ, ಬಾಡಿಗೆಗೆ ಬಂದವರಿಗೆ ಏನಿದೆ? ಊರಿಗೆ ಸೇರಿದ ಜಾಗ ಇನ್ನೂ ಉಳಿದಿರುವಾಗಲೇ ಸ್ವಲ್ಪವನ್ನು ಊಟಕ್ಕೆ ಎಂದು ಗುರುತು ಮಾಡಿಡಬೇಕು. ಹತ್ತು ವರ್ಷ ಕಳೆದ ಮೇಲೆ ಕೇಳಿದರೆ ಸಿಗುವುದಿಲ್ಲ.

ತೋಟ ಹಾಕಿದರೆ ಮಕ್ಕಳು ನಿಜವಾಗಿ ಸೊಪ್ಪು ತರಕಾರಿ ತಿನ್ನುತ್ತಾರೆಯೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆ. ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ 16 ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡು, ಕೆಲವು ಶಾಲೆಗಳಲ್ಲಿ ಮಾತ್ರ ತೋಟ ಹಾಕಿಸಿ, ಅಲ್ಲೇ ಮಕ್ಕಳ ಕೈಯಲ್ಲಿ ಅಡುಗೆಯನ್ನೂ ಮಾಡಿಸಿದರು. ಆ ಶಾಲೆಗಳ ಮಕ್ಕಳು ತಿನ್ನುವ ತರಕಾರಿ ಹೆಚ್ಚಿತು. ಮಕ್ಕಳ ತೂಕದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅದೇ ದೇಶದ ಡೆನ್ವರ್ ನಗರದಲ್ಲಿ 291 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಮೂಹಿಕ ತೋಟದಲ್ಲಿ ಪಾತಿ ಕೊಟ್ಟರು. ಪಾತಿ ಸಿಕ್ಕವರು ದಿನಕ್ಕೆ ಸುಮಾರು 1.4 ಗ್ರಾಂ ನಾರಿನಂಶ ಹೆಚ್ಚು ತಿಂದರು, ಅವರ ಮನಸ್ಸಿನ ಒತ್ತಡವೂ ತಗ್ಗಿತು ಎಂದು 2023ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ನಮಗೆ ಹತ್ತಿರವಾದದ್ದು ಬಾಂಗ್ಲಾದೇಶ. ಇರುಳುಗುರುಡು ಮಕ್ಕಳನ್ನು ಕಾಡುತ್ತಿದ್ದ ಆ ದೇಶದಲ್ಲಿ ಹೆಲೆನ್ ಕೆಲ್ಲರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1990ರ ಆಸುಪಾಸಿನಿಂದ ಹಳ್ಳಿಯ ಹೆಂಗಸರ ಜೊತೆ ಕೂತು ಹಿತ್ತಲ ತೋಟಗಳನ್ನು ಕಟ್ಟಿತು. ಅಲ್ಲಿಯೂ ಮನೆಮನೆಗೆ ಹಿತ್ತಲು ಮೊದಲೇ ಇತ್ತು, ಆದರೆ ಒಂದು ಋತುವಿಗೆ ಒಂದೆರಡು ತರಕಾರಿ. ವರ್ಷವಿಡೀ ಒಂದಲ್ಲ ಒಂದು ಹಸಿರು ಕೊಯ್ಯಲು ಸಿಗುವಂತೆ ಮಾಡಿದ್ದೇ ಅವರ ಕೆಲಸದ ತಿರುಳು. ಅಂಥ ಮನೆಗಳ ಮಕ್ಕಳು ಹೆಚ್ಚು ತರಕಾರಿ ತಿಂದರು.

ತೋಟದಿಂದ ಆಗುವುದು ಎಷ್ಟು, ಆಗದಿರುವುದು ಎಷ್ಟು ಎಂಬುದೂ ಇದರಿಂದ ತಿಳಿಯುತ್ತದೆ. ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಆದ್ದರಿಂದ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ, ಶಾಲೆಯಲ್ಲಿ ಕೊಡುವ ಜಂತುಹುಳು ಮಾತ್ರೆ ಇವನ್ನು ತೋಟ ಇದೆ ಎಂದು ಬಿಡುವಂತಿಲ್ಲ. ಆದರೆ ಮಾತ್ರೆಗೆ ಆಗದ ಒಂದು ಕೆಲಸ ತೋಟಕ್ಕೆ ಆಗುತ್ತದೆ. ಅದು ನಾಲಿಗೆಯನ್ನು ಪಳಗಿಸುತ್ತದೆ. ತಾನು ಬೀಜ ಹಾಕಿದ ಮೂಲಂಗಿಯನ್ನು ಕಿತ್ತ ಮಗು ಅದನ್ನು ಒಮ್ಮೆಯಾದರೂ ಕಡಿದು ನೋಡುತ್ತದೆ. ತನ್ನ ಪಾತಿಯ ದಂಟು ಸಾರಿಗೆ ಬಿತ್ತು ಎಂದು ಗೊತ್ತಾದ ದಿನ ತಟ್ಟೆಯ ಅಂಚಿಗೆ ಸೊಪ್ಪು ತಳ್ಳುವ ಬೆರಳು ತಡೆಯುತ್ತದೆ. ಇದನ್ನು ನಾನು ತರಗತಿ ತರಗತಿಯಲ್ಲಿ ಕಂಡಿದ್ದೇನೆ. ದೊಡ್ಡವರಲ್ಲಿ ನಡೆಯುವುದು ಇನ್ನೂ ಸರಳ: ಸಂಜೆ ಏಳಕ್ಕೆ ಸಾರಿಗೆ ಏನು ಮಾಡಲಿ ಎಂದು ಯೋಚಿಸುವ ಹೊತ್ತಿನಲ್ಲಿ ಕೈಗೆ ಹತ್ತಿರ ಇರುವುದೇ ಪಾತ್ರೆಗೆ ಬೀಳುತ್ತದೆ. ಹತ್ತು ಹೆಜ್ಜೆಯಲ್ಲಿ ಹೊನಗೊನ್ನೆ ಇದ್ದರೆ ಅದು, ಇಲ್ಲದಿದ್ದರೆ ಅಂಗಡಿಯ ನೂಡಲ್ಸ್.

ಈಗ ಬಿಸಿಯೂಟ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟರವರೆಗೆ 75 ಗ್ರಾಂ ಎಂದು ನಿಯಮವಿದೆ. ಅರವತ್ತು ಪುಟ್ಟ ಮಕ್ಕಳ ಶಾಲೆಗೆ ದಿನಕ್ಕೆ ಮೂರು ಕಿಲೋ. ತರಕಾರಿಯ ಬೆಲೆ ವಾರವಾರ ಏರಿಳಿಯುತ್ತದೆ, ಶಾಲೆಗೆ ಬರುವ ಹಣ ಹಾಗೆ ಏರುವುದಿಲ್ಲ. 2023ರ ಜುಲೈನಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಷ್ಟು ಶಾಲೆಯ ಸಾರು ಹುಣಸೆಹುಳಿಯ ಮೇಲೆ ನಿಂತಿತು ಎಂದು ಅಡುಗೆ ತಾಯಂದಿರಾದ ನಿಮಗೆ ಗೊತ್ತು. ಕೇಂದ್ರದ ಶಿಕ್ಷಣ ಇಲಾಖೆ 2019ರಲ್ಲೇ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಜಾಗ ಚಿಕ್ಕದು ಎಂಬ ನೆಪಕ್ಕೆ ಅದರಲ್ಲಿ ಅವಕಾಶವಿಲ್ಲ. ಕುಂಡ, ಡಬ್ಬ, ತಾರಸಿ ಯಾವುದಾದರೂ ಸರಿ ಎನ್ನುತ್ತದೆ. ನರೇಗಾ ಹಣದಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡೂ ಕೈತೋಟವೂ ಆದದ್ದನ್ನು ನಾವೆಲ್ಲ ನೋಡಿದ್ದೇವೆ.

ಆಮೇಲೆ ಅವು ಒಣಗಿದ್ದೇಕೆ? ಬೇಲಿಯ ಸಂದಿಯಲ್ಲಿ ಮೇಕೆ ನುಗ್ಗಿತು. ಆಸಕ್ತಿ ಇದ್ದ ಮೇಷ್ಟ್ರಿಗೆ ವರ್ಗವಾಯಿತು. ಏಪ್ರಿಲ್ ಮೇ ರಜೆಯಲ್ಲಿ ನೀರು ಹಾಕುವವರಿಲ್ಲ. ಇವು ಎಲ್ಲರೂ ಹೇಳುವ ಕಾರಣ. ಯಾರೂ ಹೇಳದ ಒಂದು ಕಾರಣವನ್ನು ನಾನು ಹೇಳುತ್ತೇನೆ: ಸೊಪ್ಪು ಬಿಡಿಸುವುದು. ಮೂರು ಕಿಲೋ ಆಲೂಗೆಡ್ಡೆ ಹೆಚ್ಚುವುದು ಹತ್ತು ನಿಮಿಷದ ಕೆಲಸ. ಮೂರು ಕಿಲೋ ದಂಟಿನ ಸೊಪ್ಪನ್ನು ಬಿಡಿಸಿ, ಹುಳ ನೋಡಿ, ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು ಹೆಚ್ಚುವುದಕ್ಕೆ ಗಂಟೆಗಳೇ ಬೇಕು. ಇಬ್ಬರೇ ಅಡುಗೆಯವರು, ಅವರಿಗೆ ಸಿಗುವುದು ಸಣ್ಣ ಗೌರವಧನ, ಬೆಳಗಿನ ಹಾಲು ಕಾಯಿಸುವುದು, ಮೊಟ್ಟೆ ಬೇಯಿಸುವುದು ಎಲ್ಲವೂ ಅವರದೇ. ಅವರು ಸೊಪ್ಪಿಗೆ ಬೆನ್ನು ತಿರುಗಿಸಿದರೆ ಅದು ಸೋಮಾರಿತನವಲ್ಲ, ಕೈ ಸಾಲದೇ ಹೋಗುವುದು. ತೋಟ ಚೆನ್ನಾಗಿ ಬೆಳೆದ ಶಾಲೆಯಲ್ಲೂ ಸೊಪ್ಪು ಗಿಡದಲ್ಲೇ ಬಲಿತು ಹೂಬಿಡುವುದಕ್ಕೆ ಇದೇ ಕಾರಣ.

ಆದ್ದರಿಂದ ತೋಟಕ್ಕಿಂತ ಮೊದಲು ಕೈಗಳನ್ನು ಗೊತ್ತುಮಾಡಿ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ ಎಂದುಕೊಳ್ಳಿ, ಸೊಪ್ಪಿನ ದಿನ. ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಸರದಿಯ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೊಯ್ದು, ಮರದ ನೆರಳಲ್ಲಿ ಕೂತು ಬಿಡಿಸಿಕೊಟ್ಟರೆ ಸಾಕು, ಒಲೆಯ ಕೆಲಸ ಅಡುಗೆ ತಾಯಂದಿರದು. ಸರದಿಗೆ ಬಂದವರು ಅಂದಿನ ಸೊಪ್ಪಿನಲ್ಲಿ ಒಂದು ಹಿಡಿಯನ್ನು ಮನೆಗೆ ಒಯ್ಯಲಿ. ಬಿಟ್ಟಿ ದುಡಿಮೆ ಎಂದು ಯಾರಿಗೂ ಅನ್ನಿಸಬಾರದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳ ದಾಸೋಹ ದಶಕಗಳಿಂದ ನಿಲ್ಲದೆ ನಡೆದದ್ದು ಒಬ್ಬರ ಕೈಯಿಂದಲ್ಲ. ರೈತರು ಗಾಡಿಯಲ್ಲಿ ತಂದ ರಾಗಿ, ತೆಂಗಿನಕಾಯಿ, ತರಕಾರಿ, ಮಕ್ಕಳೂ ಸೇರಿ ಹಂಚಿಕೊಂಡ ಕೆಲಸ ಅದರ ಹಿಂದಿದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಏನು ಬೆಳೆಯಬೇಕು ಎಂಬುದನ್ನೂ ಪಾತ್ರೆಯೇ ಹೇಳಲಿ. ಹೂಕೋಸು, ಕ್ಯಾರೆಟ್ಟು ಬೇಡ, ಅವು ನಮ್ಮ ಬಿಸಿಲಿಗೆ ಮುನಿಸಿಕೊಳ್ಳುತ್ತವೆ. ಒಂದು ಗುಂಟೆ ಎಂದರೆ ಮೂವತ್ಮೂರು ಅಡಿ ಉದ್ದ, ಅಷ್ಟೇ ಅಗಲ. ಅದರ ಅಂಚಿಗೆ ಮೊದಲು ನುಗ್ಗೆ ಕೊಂಬೆ ನೆಡಿ. ನೂರು ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಕಣ್ಣಿಗೆ ಬೇಕಾದ ವಿಟಮಿನ್ ಎ ಆಗಿ ಬದಲಾಗುವ ಅಂಶ ಧಾರಾಳವಾಗಿದೆ. ಬೇಸಿಗೆಯಲ್ಲೂ ಅದು ಹಸಿರಾಗಿ ನಿಲ್ಲುತ್ತದೆ. ಕೈಗೆ ಎಟುಕುವ ಎತ್ತರಕ್ಕೆ ಪ್ರತಿವರ್ಷ ಸವರಿದರೆ ಕಾಯಿಗಿಂತ ಸೊಪ್ಪೇ ಹೆಚ್ಚು ಕೊಡುತ್ತದೆ. ಜೊತೆಗೆ ಎರಡು ಪಪ್ಪಾಯಿ, ಒಂದು ಕರಿಬೇವು, ಒಂದು ನಿಂಬೆ. ನಡುವೆ ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ, ಪಾಲಕ್ ಪಾತಿಗಳು. ಹದಿನೈದು ದಿನಕ್ಕೊಂದು ಪಾತಿ ಬಿತ್ತುತ್ತಾ ಹೋಗಿ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಎಲ್ಲವೂ ಒಂದೇ ವಾರ ಬಲಿಯುತ್ತವೆ. ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಜೂನ್ ಮೊದಲ ವಾರದಲ್ಲಿ ಬಿತ್ತಿದರೆ ಜುಲೈ ಸಾರಿಗೆ ಬಂತು. ಬೇಲಿಗೆ ಹೀರೆ, ಸೋರೆ, ಚಪ್ಪರದವರೆ. ಬದನೆ, ಬೆಂಡೆ, ಮೆಣಸಿನಕಾಯಿ ಒಂದೊಂದು ಸಾಲು. ಒಂದು ಗುಂಟೆಯಿಂದ ಇಡೀ ಶಾಲೆಯ ತರಕಾರಿ ಪೂರೈಸುತ್ತದೆ ಎಂದು ಹೇಳಿ ನಿಮ್ಮನ್ನು ನಂಬಿಸುವುದಿಲ್ಲ. ವಾರಕ್ಕೆ ಎರಡು ದಿನದ ಸೊಪ್ಪು, ದಿನವೂ ಒಂದು ಹಿಡಿ ಕರಿಬೇವು ಕೊತ್ತಂಬರಿ, ಆಗಾಗ ಒಂದು ಹಣ್ಣು ಇಷ್ಟನ್ನು ಕೊಟ್ಟರೆ ಅದು ಗೆದ್ದ ಹಾಗೆಯೇ.

ಬೀಜಕ್ಕೆ ದೂರ ಹೋಗಬೇಕಿಲ್ಲ. ತುಮಕೂರು ಪಕ್ಕದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಆ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಸುಗುಣ ದಂಟು, ಅರ್ಕಾ ಅನಾಮಿಕ ಬೆಂಡೆ ನಮ್ಮ ಕಡೆಗೆ ಒಗ್ಗುತ್ತವೆ. ಹಿರೇಹಳ್ಳಿಯವರ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು ಒಂದು ಹಲಸಿನ ಮರದಿಂದ, ಆ ಮರ ಇರುವುದು ನಮ್ಮದೇ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ. ರೈತ ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪನವರು ನೆಟ್ಟಿದ್ದ, ಕೆಂಪು ತೊಳೆಯ, ಪುಟ್ಟ ಹಣ್ಣಿನ ಆ ಮರಕ್ಕೆ ವಿಜ್ಞಾನಿಗಳು ‘ಸಿದ್ದು’ ಎಂದೇ ಹೆಸರಿಟ್ಟು ಕಸಿ ಮಾಡಿ ಹಂಚಿದರು. ಒಬ್ಬ ರೈತ ತನ್ನ ಮನೆಯವರಿಗೆ ತಿನ್ನಲೆಂದು ಕಾಪಾಡಿಕೊಂಡ ಮರ ಅದು. ಹಾಗೆ ಕಾಪಾಡಿಕೊಂಡ ಬೀಜ ನಿಮ್ಮ ನಿಮ್ಮ ಅಟ್ಟದಲ್ಲೂ ಇದೆ: ನಾಟಿ ಅವರೆ, ಮುಳ್ಳು ಬದನೆ, ಉದ್ದ ಸೋರೆ. ಶಿರಸಿಯಲ್ಲಿ ಸುನೀತಾ ರಾವ್ ಅವರು ಕಟ್ಟಿದ ‘ವನಸ್ತ್ರೀ’ ಎಂಬ ಹೆಂಗಸರ ಬಳಗ ಇದನ್ನೇ ವರ್ಷಗಳಿಂದ ಮಾಡುತ್ತಿದೆ. ಮಲೆನಾಡಿನ ಹಿತ್ತಲುಗಳ ಬೀಜವನ್ನು ಒಬ್ಬರು ಇನ್ನೊಬ್ಬರಿಗೆ ಕೊಟ್ಟುಕೊಂಡು, ಮೇಳ ಮಾಡಿ ಮಾರಿ, ತಳಿ ಉಳಿಸಿಕೊಂಡಿದ್ದಾರೆ. ಮಳೆ ಕಡಿಮೆಯಾದ ನಮ್ಮ ಸೀಮೆಗೆ ಅಂಥ ಬಳಗ ಇನ್ನೂ ಹೆಚ್ಚು ಬೇಕು. ನೆಲವೇ ಇಲ್ಲದ ಬೆಂಗಳೂರಿನವರೂ ಸುಮ್ಮನೆ ಕೂತಿಲ್ಲ, ಡಾ. ಬಿ.ಎನ್. ವಿಶ್ವನಾಥ್ ಅವರ ಪ್ರೇರಣೆಯಿಂದ ತಾರಸಿ ತೋಟ ಕಲಿತವರು 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಎಂಬ ಸಂತೆ ನಡೆಸಿದ್ದಾರೆ. ಬಾಡಿಗೆ ಮನೆಯವರು ಅದನ್ನು ನೋಡಿ ಹಳೆ ಗೋಣಿಚೀಲದಲ್ಲಿ ಬಸಳೆ ಹಬ್ಬಿಸಬಹುದು.

ನೀರಿನ ಮಾತಿಲ್ಲದೆ ನಮ್ಮ ಜಿಲ್ಲೆಯಲ್ಲಿ ಯಾವ ಮಾತೂ ಮುಗಿಯುವುದಿಲ್ಲ. ಊಟದ ನಂತರ ಮಕ್ಕಳು ಕೈ, ತಟ್ಟೆ ತೊಳೆಯುವ ನೀರು ದಿನವೂ ಚರಂಡಿ ಸೇರುತ್ತದೆ. ತಲೆಗೆ ಒಂದು ಲೀಟರ್ ಎಂದರೂ ಅರವತ್ತು ಮಕ್ಕಳಿಂದ ಅರವತ್ತು ಲೀಟರ್. ಆ ನೀರು ಬಾಳೆ, ಪಪ್ಪಾಯಿ, ನುಗ್ಗೆಯ ಬುಡಕ್ಕೆ ಹರಿಯುವಂತೆ ಒಂದು ಕಾಲುವೆ ತೆಗೆಯಿರಿ. ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿಯ ಪಾತಿಗೆ ಮಾತ್ರ ಅದನ್ನು ಬಿಡಬೇಡಿ. ನಮ್ಮ ತೆಂಗಿನ ನಾಡಿನಲ್ಲಿ ಮಟ್ಟೆಗೆ ಬರವಿಲ್ಲ. ಪಾತಿಯ ತಳಕ್ಕೆ ಒಂದಡಿ ಆಳದಲ್ಲಿ ತೆಂಗಿನ ಮಟ್ಟೆಯನ್ನು ನೀರು ಹಿಡಿಯುವಂತೆ ಬೋರಲಾಗದೆ ಹರಡಿ ಮೇಲೆ ಮಣ್ಣು, ತಿಪ್ಪೆ ಗೊಬ್ಬರ ಎಳೆಯಿರಿ. ಅಡಿಕೆ ಸಿಪ್ಪೆ, ಒಣ ಗರಿ ಮೇಲೆ ಮುಚ್ಚಿದರೆ ಎರಡು ದಿನಕ್ಕೊಮ್ಮೆ ನೀರು ಸಾಕು. ಬೇಸಿಗೆ ರಜೆಯಲ್ಲಿ ಪಾತಿಗಳನ್ನು ಖಾಲಿ ಬಿಟ್ಟು, ಗೊಬ್ಬರ ತುಂಬಿಸಿ, ಮರಗಳಿಗೆ ಮಾತ್ರ ನೀರು ಕೊಡಿ. ರಜೆಯಲ್ಲೂ ಹಸಿರಾಗಿಡುವ ಹಠ ಹಿಡಿದ ಕಡೆಯೇ ಮಂದಿ ಬೇಗ ಸುಸ್ತಾಗುತ್ತಾರೆ. ಪಕ್ಕದ ತೋಟದವರು ಔಷಧಿ ಹೊಡೆಯುವ ದಿನ ಮೊದಲೇ ತಿಳಿಸುವಂತೆ ಮಾತಾಡಿಕೊಳ್ಳಿ. ಮಕ್ಕಳ ತೋಟಕ್ಕೆ ನೀವು ಬೇವಿನ ಕಷಾಯದಿಂದ ಮುಂದೆ ಹೋಗಬೇಡಿ.

ಊರಿನ ಸಾಮೂಹಿಕ ತೋಟದ್ದು ಬೇರೆ ಕಷ್ಟ. ಅಲ್ಲಿ ಗಿಡಕ್ಕಿಂತ ಮನುಷ್ಯರನ್ನು ಸಂಭಾಳಿಸಬೇಕು. ಯಾವ ಪಾತಿ ಯಾರದು, ನೀರಿನ ಸರದಿ ತಪ್ಪಿಸಿದವರಿಗೆ ಏನು, ಕದ್ದು ಕೊಯ್ದರೆ ಏನು ಎಂಬುದನ್ನೆಲ್ಲ ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಮಾರುವುದಕ್ಕೆ ಬೆಳೆಯುವುದಿಲ್ಲ, ತಿನ್ನುವುದಕ್ಕೆ ಬೆಳೆಯುತ್ತೇವೆ ಎಂಬುದು ಮೊದಲ ಕಲಮಾಗಲಿ; ದುಡ್ಡಿನ ಲೆಕ್ಕ ಹೊಕ್ಕ ದಿನ ಅಲ್ಲಿಯೂ ಅಡಿಕೆ ಸಸಿ ಬರುತ್ತದೆ. ಎರಡನೆಯ ಕಲಮನ್ನು ನಾನು ಸಂಕೋಚವಿಲ್ಲದೆ ಬರೆಯುತ್ತೇನೆ. ಕಾಲೋನಿಯ ಅಕ್ಕನ ಪಾತಿಯ ನೀರು, ಗೌಡರ ಮನೆಯ ಪಾತಿಯ ನೀರು ಒಂದೇ ನಲ್ಲಿಯಿಂದ ಬರಬೇಕು. ಕೊಯ್ದ ಸೊಪ್ಪು ಕೈ ಬದಲಾಗಬೇಕು. ದಲಿತ ತಾಯಿ ಅಡುಗೆ ಮಾಡಿದರೆಂದು ಮಕ್ಕಳಿಗೆ ಬಿಸಿಯೂಟ ಬೇಡ ಎಂದ ಊರುಗಳು ನಮ್ಮ ರಾಜ್ಯದಲ್ಲಿ ಇದ್ದವು. ಅಂಥ ಕಡೆ ಎಷ್ಟು ಪೌಷ್ಟಿಕಾಂಶ ಎಣಿಸಿ ಏನು ಬಂತು? ಈ ಒಂದು ವಿಷಯದಲ್ಲಿ ರಾಜಿ ಆಗುವ ತೋಟ ನಮಗೆ ಬೇಡ.

ಹಿರಿಯ ಹೆಂಗಸರನ್ನು ಈ ಕೆಲಸಕ್ಕೆ ಮೊದಲು ಕರೆಯಿರಿ. ಯಾವ ಸೊಪ್ಪನ್ನು ಎಳೆಯದರಲ್ಲೇ ಕೊಯ್ಯಬೇಕು, ಬೆರಕೆಗೆ ಯಾವುದರ ಜೊತೆ ಯಾವುದು ಸೇರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಸೊಸೆಯಂದಿರಲ್ಲಿ ಎಷ್ಟೋ ಜನಕ್ಕೆ ಅಣ್ಣೆ ಸೊಪ್ಪಿನ ಗುರುತು ಸಿಗುವುದಿಲ್ಲ. ಅಂಗನವಾಡಿಯ ಹಿಂದಿನ ಪಾತಿಯನ್ನು ಆ ಹಿರಿಯರ ವಶಕ್ಕೇ ಬಿಡಿ. 2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಊಟ ಗೊತ್ತಾಗಿದೆ, ಆ ಊಟಕ್ಕೆ ಒಂದು ಹಿಡಿ ನುಗ್ಗೆ ಸೊಪ್ಪು ಅಜ್ಜಿಯರ ಕೈಯಿಂದ ಬರಲಿ.

ಅಡುಗೆಯ ಬಗ್ಗೆ ನಾಲ್ಕು ಮಾತು. ಸೊಪ್ಪು ಬೇಯಿಸಿದ ನೀರನ್ನು ಬಸಿದು ಚೆಲ್ಲಬೇಡಿ. ನಮ್ಮ ಬಸ್ಸಾರು ಅದೇ ನೀರಿನಲ್ಲಿ ಆಗುವ ಸಾರು, ಅದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಪುಸ್ತಕವೂ ಹೇಳಿಲ್ಲ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ, ಸೊಪ್ಪಿನ ಬಣ್ಣದಲ್ಲಿರುವ ಸತ್ವ ಎಣ್ಣೆಯಿದ್ದರೆ ಮೈಗೆ ಹತ್ತುತ್ತದೆ. ಬಡಿಸುವಾಗ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಕುಡಿಯುವ ಟೀ ಅದನ್ನು ತಡೆಯುತ್ತದೆ. ಹೆಂಗಸರು ಟೀಯನ್ನು ಒಂದು ಗಂಟೆ ಮುಂದೂಡಿದರೂ ಲಾಭವೇ. ತಟ್ಟೆಗೆ ಬಡಿಸುವಾಗ ಗಂಡಸರಿಗೆ, ಮಕ್ಕಳಿಗೆ ಹಾಕಿ ಉಳಿದರೆ ನಮಗೆ ಎಂಬ ನಿಮ್ಮ ಅಭ್ಯಾಸವನ್ನೂ ಈ ಪತ್ರದ ನೆಪದಲ್ಲಿ ಬಿಡಿ ಎಂದು ಕೇಳುತ್ತೇನೆ. ನಮ್ಮ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತ ಸಾಲದವರ ಪಟ್ಟಿಯಲ್ಲಿದ್ದಾರೆ.

ಮುಂದಿನ ವಾರ್ಡ್ ಸಭೆ, ಗ್ರಾಮ ಸಭೆಯ ದಿನ ಗೊತ್ತಾದ ತಕ್ಷಣ ನೀವು ಗುಂಪಾಗಿ ಹೋಗಿ. ಶಾಲೆಯ ಜಾಗದ ಅಳತೆ, ಊರಿನ ಸಾಮೂಹಿಕ ಜಾಗದ ಸರ್ವೆ ನಂಬರು, ಬೇಲಿಗೆ ಮತ್ತು ನೀರಿನ ಪೈಪಿಗೆ ತಗಲುವ ಖರ್ಚು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ನಿರ್ಣಯದ ಪುಸ್ತಕದಲ್ಲಿ ದಾಖಲಾಗುವವರೆಗೂ ಏಳಬೇಡಿ. ಮಾತಿನಲ್ಲಿ ಆಗಲಿ ಎಂದದ್ದು ಮರೆತುಹೋಗುತ್ತದೆ, ನಡಾವಳಿಯಲ್ಲಿ ಬಂದದ್ದನ್ನು ಮತ್ತೆ ಕೇಳಬಹುದು. ಅದೇ ಹಾ‌ಳೆಯ ಹಿಂಬದಿಯಲ್ಲಿ ಸೊಪ್ಪು ಬಿಡಿಸುವ ಸರದಿಗೆ ಒಪ್ಪಿದವರ ಹೆಸರು ಇರಲಿ. ಜಾಗ ಕೊಡುವುದಕ್ಕಿಂತ ಮೊದಲು ಪಂಚಾಯಿತಿಯವರು ಕೇಳುವ ಪ್ರಶ್ನೆ, ನೋಡಿಕೊಳ್ಳುವವರು ಯಾರು ಎಂಬುದೇ ಆಗಿರುತ್ತದೆ. ಹಿರೇಹಳ್ಳಿಗೆ ಬೀಜ ತರಲು ಹೋಗುವವರು, ಮಟ್ಟೆ ಹೂಳಲು ಗುಣಿ ತೆಗೆಯುವವರು ಗೊತ್ತಾದರೆ ನನಗೂ ಹೇಳಿಕಳಿಸಿ, ಮಂಗಳವಾರದ ಸರದಿಯಲ್ಲಿ ನನ್ನ ಹೆಸರನ್ನೂ ಸೇರಿಸಿಕೊಳ್ಳಿ.

ನಿಮ್ಮವಳೇ ಆದ
ಒಬ್ಬ ನಿವೃತ್ತ ಶಿಕ್ಷಕಿ
ಗುಬ್ಬಿ ತಾಲ್ಲೂಕು